ಡಬಲ್ ಕೂಗು

ಕಾಂತಮ್ಮನನ್ನು ಆಂಬುಲೆನ್ಸಿಗೆ ಹತ್ತಿಸುವಾಗ ಚಾಮಯ್ಯ ಹನ್ನೊಂದನೆಯ ಮಹಡಿಯ ಬಾಲ್ಕನಿಯಲ್ಲಿ ಕಂಬಿ ಹಿಡಿದು ನಿಂತಿದ್ದ. ಕೆಳಗಿಳಿಯುವ ಹಾಗಿರಲಿಲ್ಲ. ಮನೆಯಲ್ಲಿ ಉಳಿದ ನಾಲ್ವರ ಮಣಿಕಟ್ಟಿಗೂ ಗುಲಾಬಿ ಬಣ್ಣದ ಪಟ್ಟಿ ಬಿಗಿದು, ಇದನ್ನು ಕಟ್ಟಿಕೊಂಡು ಬಾಗಿಲು ದಾಟಿದರೆ ದಂಡ, ಜೈಲು ಎಂದು ಆರೋಗ್ಯ ಇಲಾಖೆಯವರು ಹೇಳಿ ಹೋಗಿದ್ದರು. ಬಿಳಿ ಪ್ಲಾಸ್ಟಿಕ್ ಉಡುಪು ತೊಟ್ಟ ಇಬ್ಬರು ಆಕೆಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ತಳ್ಳಿಕೊಂಡು ಬಂದರು. ಆಕೆ ತಲೆಯೆತ್ತಿ ನೋಡಲಿಲ್ಲ. ನೋಡಿದ್ದರೂ, ಆ ಗೂಡುಗಳ ರಾಶಿಯಲ್ಲಿ ತನ್ನ ಗಂಡ ಯಾವ ಗೂಡಿನಲ್ಲಿದ್ದಾನೆ ಎಂದು ಹೇಗೆ ಗೊತ್ತಾಗಬೇಕು? ಬಾಗಿಲು ಮುಚ್ಚಿತು. ಆಸ್ಪತ್ರೆಯಿರುವ ಪುತ್ರಜಯಾದ ಕಡೆಗೆ ಹೋಗುವ ಆ ಅಗಲವಾದ ರಸ್ತೆಯಲ್ಲಿ ಬೇರೆ ಒಂದು ವಾಹನವೂ ಇರಲಿಲ್ಲ. ಆದರೂ ಆಂಬುಲೆನ್ಸು ಸೈರನ್ ಹಾಕಿಕೊಂಡೇ ಹೋಯಿತು.

"ಅಪ್ಪ, ಒಳಗೆ ಬಾ," ಎಂದಳು ಮಗಳು ಅನಿತಾ. "ಅಮ್ಮನ ಬ್ಯಾಗಲ್ಲಿ ಫೋನ್ ಇಟ್ಟಿದೀನಿ. ಚಾರ್ಜರ್ರೂ ಇದೆ."

"ಅವ್ಳಿಗೆ ಅದ ಒತ್ತಾಕೆ ಬತ್ತದಾ?"

"ನರ್ಸ್ ಒತ್ತಿ ಕೊಡ್ತಾರೆ, ಬಾ."

ಹಿಂದಿನ ವರ್ಷ ಮಾರ್ಚ್ ತಿಂಗಳಲ್ಲಿ ಮೊಮ್ಮಗಳು ಇಂಚರಾಳ ಹುಟ್ಟುಹಬ್ಬಕ್ಕೆಂದು ಗಂಡ ಹೆಂಡತಿ ಚಾಮರಾಜನಗರದಿಂದ ಹೊರಟು, ವಿಮಾನ ಹತ್ತಿ ಮಗಳಿರುವ ಈ ಪರದೇಶಕ್ಕೆ ಬಂದವರು. ಕೇಕು ಕತ್ತರಿಸಿದ ವಾರದಲ್ಲೇ ಈ ದೇಶ ಬಾಗಿಲು ಹಾಕಿಕೊಂಡಿತು. ಅಲ್ಲಿ ತೆರೆದಾಗ ಇಲ್ಲಿ ಮುಚ್ಚಿತು, ಇಲ್ಲಿ ತೆರೆಯಿತು ಎನ್ನುವಷ್ಟರಲ್ಲಿ ಅಲ್ಲಿ ಹೆಣಗಳಿಗೆ ಜಾಗವಿಲ್ಲದಂತಾಯಿತು. ಹೀಗೆ ಒಂದು ವರ್ಷ ಕಳೆದು ಇನ್ನೊಂದು ಜುಲೈ ಬಂದಿತ್ತು. ಕಾಯಿಲೆಗೆ ಬಡವ ಬಲ್ಲಿದ ಎಂಬ ಭೇದವಿಲ್ಲ ಎಂದು ಟಿವಿಯಲ್ಲಿ ಕುಳಿತವರು ಹೇಳುತ್ತಿದ್ದರು. ಸುಳ್ಳು. ಬಾಲ್ಕನಿಯ ಎದುರಿಗೇ ಕೂಲಿಯವರ ಫ್ಲಾಟುಗಳಿದ್ದವು. ಒಂದೊಂದು ಕೋಣೆಯಲ್ಲಿ ಎಂಟು ಹತ್ತು ಜನ. ಕೆಲವು ದಿನಗಳಿಂದ ಅಲ್ಲಿಯ ಕಿಟಕಿಗಳಲ್ಲಿ ಬಿಳಿ ಬಟ್ಟೆ ತೂಗತೊಡಗಿತ್ತು. ಬನಿಯನ್ನು, ದಿಂಬಿನ ಚೀಲ, ಮಗುವಿನ ಲಂಗೋಟಿ, ಏನು ಬೆಳ್ಳಗಿತ್ತೋ ಅದು.

"ಅದ್ಯಾಕ್ ಮಗ, ಎಲ್ರೂ ಒಂದೇ ಬಣ್ಣದ್ದ ಒಣಗಾಕವ್ರೆ?" ಎಂದು ಚಾಮಯ್ಯ ಕೇಳಿದ್ದಕ್ಕೆ ಇಂಚರಾ, "ನೋ ಫುಡ್ ತಾತ. ವೈಟ್ ಫ್ಲ್ಯಾಗ್ ಅಂದ್ರೆ ನೋ ಫುಡ್ ಅಟ್ ಹೋಮ್," ಎಂದಿದ್ದಳು.

ಅವತ್ತು ಕಾಂತಮ್ಮ ತಟ್ಟೆಯ ಮುಂದಿನಿಂದ ಎದ್ದುಬಿಟ್ಟಿದ್ದಳು. ಇನ್ನೊಬ್ಬರು ಉಪವಾಸವಿರುವಾಗ ಉಣ್ಣುವುದು ಆಕೆಗೆ ಆಗದ ಕೆಲಸ. ಅದು ಕಲ್ಲಿದ್ದಲಿನ ಲೈನಿನಲ್ಲಿ ಅಂಟಿಕೊಂಡ ರೋಗ.

ಆ ಲೈನು ಗೋದಾವರಿಯ ಆಚೆ ದಡದ ಗಣಿಯೊಂದರ ಸ್ವಂತ ರೈಲು ಲೈನು. ಗಣಿಯ ಬಾಯಿಂದ ದೊಡ್ಡ ರೈಲಿನ ಜಂಕ್ಷನ್ನಿನವರೆಗೆ ಕಲ್ಲಿದ್ದಲು ಹೊತ್ತು ಹಾಕುವುದು, ಖಾಲಿ ಡಬ್ಬಿಗಳನ್ನು ತಳ್ಳಿಕೊಂಡು ಬರುವುದು. ಚಾಮಯ್ಯ ಮೀಸೆ ಮೂಡುವ ವಯಸ್ಸಿಗೆ ಸೋದರಮಾವನ ಹಿಂದೆ ಹೋಗಿ ಅಲ್ಲಿ ಇಂಜಿನ್ ಒರೆಸುವ ಕೆಲಸಕ್ಕೆ ಸೇರಿದ. ಆಮೇಲೆ ಬೆಂಕಿಗೆ ಕಲ್ಲಿದ್ದಲು ಎತ್ತಿಹಾಕುವ ಫೈರ್‌ಮನ್ ಆದ, ಆಮೇಲೆ ಡ್ರೈವರ್. ದೊಡ್ಡ ರೈಲಿನವರು ಕೈ ಕೊಡವಿ ಬೇಡವೆಂದ ಮುದಿ ಹಬೆ ಇಂಜಿನ್‌ಗಳೆಲ್ಲ ಆ ಲೈನಿಗೆ ಬಂದು ಬೀಳುತ್ತಿದ್ದವು. ಚಾಮಯ್ಯನ ಪಾಲಿಗೆ ಬಂದದ್ದಕ್ಕೆ ಅವನು ಗೌಡ್ತಿ ಎಂದು ಹೆಸರಿಟ್ಟಿದ್ದ. ಬೆಳಗ್ಗೆ ಕಾವು ಹಿಡಿಯಲು ಗಂಟೆಗಟ್ಟಲೆ ಸತಾಯಿಸುತ್ತಿದ್ದಳು. ಹಿಡಿದ ಮೇಲೆ ಯಾರ ಮಾತೂ ಕೇಳುತ್ತಿರಲಿಲ್ಲ. ಹಿಂದುಮುಂದಾಗಿ ಓಡುವಾಗ ಕಲ್ಲಿದ್ದಲಿನ ಪುಡಿಯೆಲ್ಲ ಮುಖಕ್ಕೆ ರಾಚಿ, ಉಗುಳಿದರೆ ಕರೀ ಮಸಿ. ಅದೇ ಮಸಿ ಈಗಲೂ ಅವನ ಎದೆಯ ಎಕ್ಸ್‌ರೇಯಲ್ಲಿ ಕೂತಿತ್ತು. ಗಣಿಯ ಮಾಲೀಕರು ಅವನಿಗೆ ಕೊಟ್ಟು ಕಳಿಸಿದ ಕಾಯಂ ಆಸ್ತಿ ಅದೊಂದೇ.

ಹಳಿಯ ಪಕ್ಕಕ್ಕೇ ಕೆಲಸಗಾರರ ಮನೆಸಾಲು. ಜಂಕ್ಷನ್ನಿನಿಂದ ಕಡೆಯ ಸಲ ಮರಳುವ ಡ್ರೈವರು ಸಾಲು ಹತ್ತಿರವಾದಾಗ ಸಿಳ್ಳೆಯ ಸರಪಳಿ ಎಳೆಯುತ್ತಿದ್ದ. ಎರಡು ಗಿಡ್ಡ, ಒಂದು ಉದ್ದ. ಹೆಂಗಸರು ಅದಕ್ಕೆ ಅನ್ನದ ಕೂಗು ಎನ್ನುತ್ತಿದ್ದರು. ಕೇಳಿದೊಡನೆ ಆ ಡ್ರೈವರನ ಹೆಂಡತಿ ಎಸರಿಗೆ ಅಕ್ಕಿ ಹಾಕಬೇಕು. ಇಂಜಿನ್ನನ್ನು ಶೆಡ್ಡಿಗೆ ಬಿಟ್ಟು, ಬೆಂಕಿ ಕೆದಕಿ, ಮೈ ತೊಳೆದುಕೊಂಡು ಅವನು ಬರುವ ಹೊತ್ತಿಗೆ ಅನ್ನ ಬೆಂದಿರುತ್ತಿತ್ತು. ಇಂಜಿನ್ ಯಾವುದಾದರೇನು, ಎಳೆಯುವ ಕೈ ಯಾರದೆಂದು ಹೆಂಗಸರಿಗೆ ತಿಳಿಯುತ್ತಿತ್ತು. ಚಾಮಯ್ಯನ ಕೂಗು ಕಡೆಯಲ್ಲಿ ಸ್ವಲ್ಪ ಮೇಲೆದ್ದು ನಿಲ್ಲುತ್ತಿತ್ತು, ಪ್ರಶ್ನೆ ಕೇಳಿದ ಹಾಗೆ. ಕೂಗು ಬಿದ್ದ ಮೇಲೆ ಗಂಡ ಬಂದು ಕೂರುವ ತನಕ ಕಾಂತಮ್ಮ ಒಂದು ಅಗುಳನ್ನೂ ಬಾಯಿಗಿಡುತ್ತಿರಲಿಲ್ಲ.

ಒಂದು ದಿನ ಅನ್ನದ ಕೂಗು ಹಾಕಿ ಶೆಡ್ಡಿಗೆ ಬಂದವನನ್ನು ಫೋರ್‌ಮನ್ ಬಾಗಿಲಲ್ಲೇ ತಡೆದ. ಜಂಕ್ಷನ್ನಿನಲ್ಲಿ ಡಬ್ಬಿಗಳು ಕಾಯುತ್ತಿವೆ, ಇನ್ನೊಂದು ಪಾಳಿ ಮಾಡು. ಆಗುವುದಿಲ್ಲ ಎನ್ನಲು ಅಲ್ಲಿ ಯಾರಿಗೂ ನಾಲಿಗೆ ಇರಲಿಲ್ಲ. ಕಾಂತಮ್ಮ ಆರು ತಿಂಗಳ ಬಸುರಿ. ಆ ಇಳಿಹೊತ್ತಿನಿಂದ ಮರುದಿನದ ಬಿಸಿಲೇರುವ ತನಕ ಅನ್ನ ಮುಚ್ಚಿಟ್ಟುಕೊಂಡು ಕಾದಳು. ಬೀದಿ ನಲ್ಲಿಯ ಹತ್ತಿರ ಕೊಡ ಎತ್ತುವಾಗ ತಲೆ ಸುತ್ತಿ ಬಿದ್ದಳು. ಮಗು ಉಳಿಯಲಿಲ್ಲ. ಗಣಿಯ ಆಸ್ಪತ್ರೆಯ ಡಾಕ್ಟರು, ಹೆಂಗಸಿಗೆ ರಕ್ತ ಕಮ್ಮಿ ಎಂದ. ರಕ್ತ ಎಲ್ಲಿ ಹೋಗಿತ್ತು ಎಂದು ಅವನೇನೂ ಕೇಳಲಿಲ್ಲ. ಡಬ್ಬಿ ಡಬ್ಬಿ ತುಂಬಿ ಜಂಕ್ಷನ್ನಿಗೆ ಹೋಗಿತ್ತು.

ಡಬಲ್ ಕೂಗು ಹುಟ್ಟಿದ್ದು ಆಮೇಲೆ. ಎರಡನೇ ಪಾಳಿಗೆ ದೂಡಿದ ದಿನ ಚಾಮಯ್ಯ ಮನೆಸಾಲು ದಾಟುವಾಗ ಸರಪಳಿ ಹಿಡಿದು ಒಂದೇ ಸಮನೆ, ಕತ್ತರಿಸದೆ, ಉದ್ದಕ್ಕೆ ಎಳೆಯುತ್ತಿದ್ದ. ನಾನು ಬರುವುದಿಲ್ಲ. ಕಾಯಬೇಡ. ಉಂಡು ಮಲಗು. ಕಾಂತಮ್ಮನ ಕೈಯನ್ನು ತನ್ನ ತಲೆಯ ಮೇಲೆ ಇಡಿಸಿಕೊಂಡು, ಆ ಕೂಗು ಕೇಳಿದರೆ ಉಣ್ಣುತ್ತೇನೆ ಎಂದು ಆಣೆ ಹಾಕಿಸಿಕೊಂಡಿದ್ದ. ಬೇರೆ ಡ್ರೈವರುಗಳೂ ಕಲಿತರು. ಹಬೆ ಪೋಲಾಗುತ್ತಿದೆ ಎಂದು ಫೋರ್‌ಮನ್ ಚಾಮಯ್ಯನ ಮೇಲೆ ಕ್ರಮ ಕೈಗೊಂಡಾಗ, ಮಾರನೆಯ ದಿನ ಅಷ್ಟೂ ಡ್ರೈವರುಗಳು ಆ ಫೋರ್‌ಮನ್ನಿನ ಬಂಗಲೆ ದಾಟುವಾಗಲೆಲ್ಲ ಡಬಲ್ ಕೂಗು ಹಾಕಿದರು. ಅವನ ಹೆಂಡತಿ ಕಿವಿಗೆ ಹತ್ತಿ ಇಟ್ಟುಕೊಂಡು ಹೊರಗೆ ಬಂದು, "ಅದೇನಾದರೂ ಊದಿಕೊಳ್ಳಲಿ ಬಿಡಿ" ಎಂದು ಗಂಡನನ್ನು ಬೈದಳಂತೆ. ಗೆದ್ದೆವು ಎಂದು ಇವರು ಕುಣಿದರು. ಏನು ಗೆದ್ದದ್ದು? ಡಬಲ್ ಪಾಳಿ ನಿಲ್ಲಲಿಲ್ಲ. ಹೆಂಡತಿಗೆ ಬರುವುದಿಲ್ಲ ಎಂದು ಹೇಳುವ ಹಕ್ಕು ಸಿಕ್ಕಿತು, ಅಷ್ಟೆ.

ಡೀಸೆಲ್ ಬಂದು ಗೌಡ್ತಿಯ ಬೆಂಕಿಯನ್ನು ಕಡೆಯ ಸಲ ಕೆಳಗೆ ಸುರಿದ ದಿನ, ಕೊರಳಿಗೆ ಒಂದು ಚೆಂಡು ಹೂವಿನ ಹಾರ ಹಾಕಿಸಿಕೊಂಡು ಕೆಲಸ ಕಳೆದುಕೊಂಡು ಮನೆಗೆ ಬಂದ ಚಾಮಯ್ಯ, "ಇನ್ಮೇಲೆ ಆ ಕೂಗು ನಿನ್ ಕಿವೀಗ್ ಬೀಳಕಿಲ್ಲ ಕಣಮ್ಮಿ," ಎಂದು ಕಾಂತಮ್ಮನಿಗೆ ಮಾತು ಕೊಟ್ಟಿದ್ದ. ಆ ಮಾತನ್ನು ಅವನು ಇಷ್ಟು ವರ್ಷ ಉಳಿಸಿಕೊಂಡಿದ್ದ.

ಆಸ್ಪತ್ರೆಗೆ ಸೇರಿಸಿದ ಸಂಜೆ ಫೋನು ಬಂತು. ಪರದೆಯಲ್ಲಿ ಮೊದಲು ಪ್ಲಾಸ್ಟಿಕ್ ಕನ್ನಡಕ ಹಾಕಿದ ನರ್ಸ್ ಕಂಡಳು. ಹೆಸರು ಲಕ್ಷ್ಮಿ, ಇಲ್ಲಿಯೇ ಹುಟ್ಟಿ ಬೆಳೆದ ತಮಿಳು ಹುಡುಗಿ. ಗಡಿಯ ಕಡೆಯವರಾದ ಗಂಡ ಹೆಂಡತಿ ಇಬ್ಬರಿಗೂ ತಮಿಳು ನೀರು ಕುಡಿದಷ್ಟು ಸಲೀಸು. ಲಕ್ಷ್ಮಿ ಫೋನನ್ನು ತಿರುಗಿಸಿದಳು. ಆಮ್ಲಜನಕದ ಮುಖವಾಡದೊಳಗೆ ಕಾಂತಮ್ಮ ಚಿಕ್ಕದಾಗಿ ಕಂಡಳು.

"ನೀವು ಯಾವಾಗ್ ಬಂದೀರಿ?" ಎಂದು ಕೇಳಿದಳು.

ಮೂಗಿನವರೆಗೆ ಬಂದ ಅಳುವನ್ನು ಎಲ್ಲಿ ಬಚ್ಚಿಡುವುದು? ಬರಲಿಕ್ಕೆ ಬಿಡುವುದಿಲ್ಲ ಎಂದರೆ ಅವಳು ಅಲ್ಲೇ ಕುಸಿಯುತ್ತಾಳೆ. ಚಾಮಯ್ಯ ಎರಡೂ ಅಂಗೈ ಬಟ್ಟಲು ಮಾಡಿ ಬಾಯಿಗಿಟ್ಟುಕೊಂಡ. ಕೂ, ಕೂ, ಕೂಊಊ.

ಮುಖವಾಡದ ಹಿಂದೆ ಕಾಂತಮ್ಮ ನಕ್ಕಳು. "ವಯಸ್ಸಾದ್ರೂ ಬುದ್ಧಿ ಬರ್ನಿಲ್ಲ. ಸರಿ, ಬನ್ನಿ, ಬನ್ನಿ."

ಮನೆಯವರೆಲ್ಲ ನಕ್ಕರು. ಆ ಮನೆಯಲ್ಲಿ ಆಮೇಲೆ ಯಾರೂ ನಗಲಿಲ್ಲ.

ಮರುದಿನ ಬೆಳಗ್ಗೆ ಲಕ್ಷ್ಮಿಯೇ ಫೋನು ಮಾಡಿದಳು. "ಅಪ್ಪಾ, ಅಮ್ಮಾ ಒರು ವಾಯ್ ಕೂಡ ಸಾಪ್ಪಿಡಲೆ," ಎಂದಳು. ಒಂದು ತುತ್ತೂ ತಿಂದಿಲ್ಲ. ಗಂಜಿ ಕೊಟ್ಟರೆ, ನಮ್ಮವರು ಬರುತ್ತಿದ್ದಾರೆ, ಕೂಗು ಹಾಕಿದ್ದಾರೆ, ಆಮೇಲೆ ಉಣ್ಣುತ್ತೇನೆ ಎನ್ನುತ್ತಾಳೆ. ಬೋರಲಾಗಿ ಮಲಗಿದರೆ ಉಸಿರು ಸಲೀಸಾಗುತ್ತದೆ ಎಂದರೂ ಕೇಳುವುದಿಲ್ಲ. ಬಾಗಿಲ ಕಡೆ ಮುಖ ಮಾಡಿ ಕೂತೇ ಇದ್ದಾಳೆ. ಹೆಜ್ಜೆ ಸದ್ದು ಕೇಳಬೇಕೆಂದು ಆಗಾಗ ಮುಖವಾಡ ತೆಗೆದುಬಿಡುತ್ತಾಳೆ. ಜ್ವರ, ಉಸಿರಿನ ಕೊರತೆ ಎರಡೂ ಸೇರಿ ಆಕೆಗೆ ತಾನೆಲ್ಲಿದ್ದೇನೆ ಎನ್ನುವುದು ಗೊಂದಲವಾಗಿದೆ.

ಚಾಮಯ್ಯ ಫೋನನ್ನು ಕೆಳಗಿಟ್ಟ.

"ಏನಪ್ಪ ಮಾಡ್ದೆ ನೀನು?" ಎಂದಳು ಅನಿತಾ. ಬಯ್ಗುಳವಲ್ಲ ಅದು, ಆದರೆ ಬಯ್ಗುಳದ ಹಾಗೇ ಬಂತು. "ಅಮ್ಮ ನಿಂಗೋಸ್ಕರ ಕಾಯ್ತಿದಾಳೆ. ಡಬಲ್ ಹಾಕು. ಈಗ್ಲೇ ಹಾಕು. ಉಂಡು ಮಲ್ಕೋತಾಳೆ."

ಚಾಮಯ್ಯ ತಲೆಯಾಡಿಸಿದ. "ಅದೊಂದ ಮಾತ್ರ ಕೇಳ್ಬ್ಯಾಡ ಕಣವ್ವ."

"ಯಾಕೆ?"

"ಹಾಕಕಿಲ್ಲ ಅಂತ ಮಾತ್ ಕೊಟ್ಟಿವ್ನಿ."

"ಅಪ್ಪ, ಅದು ಇಂಜಿನ್ ಕಾಲದ ಮಾತು!"

ಇಂಜಿನ್ ಕಾಲದ್ದೇ. ಅದಕ್ಕೇ ಅವನಿಗೆ ಅದು ದಾಟಲಾಗದ ಮಾತು. ಆ ಸರಪಳಿಯನ್ನು ಎಳೆದದ್ದು ತನ್ನ ಕೈಯಾದರೂ ಎಳೆಸಿದ್ದು ತಾನಲ್ಲ ಎಂದು ಚಾಮಯ್ಯನಿಗೆ ಗೊತ್ತಿತ್ತು. ಯಾವನೋ ಒಬ್ಬ ಬಂಗಲೆಯಲ್ಲಿ ಕೂತು ಇವನ ಕೈಯಿಂದ ಇವನ ಹೆಂಡತಿಗೆ, ನಿನ್ನ ಗಂಡ ಇವತ್ತು ನಿನ್ನವನಲ್ಲ ಎಂದು ಹೇಳಿಸುತ್ತಿದ್ದ. ಈಗ ಮಣಿಕಟ್ಟಿಗೆ ಪಟ್ಟಿ ಬಿಗಿದು ಅದನ್ನೇ ಮತ್ತೆ ಹೇಳಿಸುತ್ತಿದ್ದಾರೆ. ಬಾಯಿ ಬಿಟ್ಟು ಕೂಗಿದರೆ, ಬರುವುದಿಲ್ಲ ಎಂದು ತಾನೇ ಒಪ್ಪಿಕೊಂಡ ಹಾಗೆ. ಒಪ್ಪಿಕೊಳ್ಳದೇ ಇದ್ದರೆ ಹೋಗಲು ಎಲ್ಲಾದರೂ ಒಂದು ದಾರಿ ಉಳಿದಿರಬಹುದು ಎಂದು ಆ ಮುದುಕ ನಂಬಿಕೊಂಡಿದ್ದ.

"ನಾನೇ ಓಗ್ತೀನಿ ಅಲ್ಲೀಗೆ," ಎಂದ. "ಪಿಳ್ಳೆ ಪ್ಲಾಸ್ಟಿಕ್ಕು ಇದು, ಕಚ್ಚುದ್ರೆ ಹರೀತದೆ. ಬಾಗಲಲ್ ನಿಂತ್ಕಂಡು ಮುಖ ತೋರ್ಸಿ ಬತ್ತೀನಿ."

ಅಳಿಯ ಪ್ರಶಾಂತ ಅವನ ಪಕ್ಕ ಕೂತ. "ಮಾವ, ನಿನ್ನೆಯಿಂದ ಹತ್ತು ಕಡೆ ಫೋನ್ ಮಾಡಿದೀನಿ. ಆಸ್ಪತ್ರೆಗೆ, ಹೈಕಮಿಷನ್‌ಗೆ, ಎಲ್ಲಾ. ಗೇಟಲ್ಲೇ ಹಿಡೀತಾರೆ. ಒಳಗೆ ಜಾಗ ಇಲ್ದೆ ಪೇಷೆಂಟ್‌ಗಳೇ ಕಾರ್ ಪಾರ್ಕಲ್ಲಿ ಕೂತಿದಾರೆ."

ಪ್ರಶಾಂತ ಒಳ್ಳೆಯ ಹುಡುಗ. ಲ್ಯಾಪ್‌ಟಾಪಿನಲ್ಲಿ ಹುಡುಕಿ ಹುಡುಕಿ ಹಳೇ ಹಬೆ ಇಂಜಿನ್ನಿನ ಸಿಳ್ಳೆಯೊಂದನ್ನು ಹಿಡಿದು ತಂದ. ಉದ್ದವಾದ ಸಿಳ್ಳೆ. "ಮಾವ ಕೂಗೋದೇ ಬೇಡ. ಇದನ್ನ ಹಾಕಣ," ಎಂದ. ಲಕ್ಷ್ಮಿ ಫೋನನ್ನು ಕಾಂತಮ್ಮನ ಕಿವಿಗೆ ಹಿಡಿದಳು. ಲ್ಯಾಪ್‌ಟಾಪು ಕೋಣೆ ನಡುಗುವ ಹಾಗೆ ಕೂಗಿತು.

"ಯಾವನದು ಆ ಕೈ?" ಎಂದಿತು ಕಾಂತಮ್ಮನ ಸಣ್ಣ ದನಿ. "ಬಾಯ್ ಒಡಕ ಮಡಕೇಲಿ ಊದ್ದಂಗೆ. ನಮ್ಮೋರ್ದಲ್ಲ ಅದು."

ಮತ್ತೆ ಬಾಗಿಲ ಕಡೆ ತಿರುಗಿ ಕೂತಳು.

ಮಧ್ಯಾಹ್ನ ಡಾಕ್ಟರು ಮಾತನಾಡಿದರು. ಇಳಿವಯಸ್ಸಿನ ಆಯಾಸದ ದನಿ, ಎಷ್ಟೋ ಮನೆಗಳಿಗೆ ಅದನ್ನೇ ಹೇಳಿ ಹೇಳಿ ಸವೆದ ಇಂಗ್ಲಿಷು. ಅನಿತಾ ಅದನ್ನು ಅಪ್ಪನಿಗೆ ತಿಳಿಸಿ ಹೇಳಿದಳು. ಮುಖವಾಡ ಕಳಚದೆ, ಬೋರಲಾಗಿ ಮಲಗಿ, ಸ್ವಲ್ಪ ಆಹಾರ ತೆಗೆದುಕೊಂಡರೆ ದಾಟಬಹುದು. ಇಲ್ಲದಿದ್ದರೆ ಗಂಟಲಿಗೆ ಕೊಳವೆ ಹಾಕಿ ಉಸಿರಾಡಿಸುವ ಯಂತ್ರಕ್ಕೆ ಜೋಡಿಸಬೇಕು. ಯಂತ್ರ ಈಗ ಖಾಲಿಯಿಲ್ಲ. ಸಾಲು ಇದೆ.

ಸಾಲು. ದೂರದ ಎತ್ತರದ ಕಟ್ಟಡಗಳಲ್ಲಿ ಗಾಜು, ಕೆಳಗಿನ ಕೊಳದಲ್ಲಿ ಕಾರಂಜಿ, ರಸ್ತೆಯ ನಡುವೆ ನೀರು ಕುಡಿದು ಕೊಬ್ಬಿದ ಹೂಗಿಡ. ಉಸಿರಿಗೆ ಮಾತ್ರ ಸಾಲು.

ಚಾಮಯ್ಯ ಎದ್ದು ಬಾಲ್ಕನಿಗೆ ಹೋದ. ಎಷ್ಟೋ ಹೊತ್ತು ಕಂಬಿ ಹಿಡಿದು ನಿಂತ. ಆಮೇಲೆ ತಿರುಗಿ, "ಫೋನ್ ಮಾಡವ್ವ," ಎಂದ.

ಮೊದಲನೆಯ ಸಲ ಉಸಿರು ಅರ್ಧಕ್ಕೇ ನಿಂತುಹೋಗಿ ಕೆಮ್ಮು ಬಂತು. ಅವನಿಗೂ ಜ್ವರವಿತ್ತು, ಎದೆಯಲ್ಲಿ ಹಳೆಯ ಮಸಿಯಿತ್ತು. ಅನಿತಾ ನೀರು ಕುಡಿಸಿದಳು. ಇಂಚರಾ ತಾತನ ಬೆನ್ನಿಗೆ ಅಂಗೈ ಇಟ್ಟು, "ಸ್ಲೋಲಿ ಲಾ ತಾತ. ಬ್ರೀದ್ ಫಸ್ಟ್," ಎಂದು ಈ ಊರಿನ ಇಂಗ್ಲಿಷಿನಲ್ಲಿ ಹೇಳಿದಳು. ಚಾಮಯ್ಯ ಕಣ್ಣು ಮುಚ್ಚಿದ. ಬಲಗೈ ತಾನಾಗಿ ತಲೆಯ ಮೇಲಕ್ಕೆ ಹೋಗಿ ಗಾಳಿಯಲ್ಲಿ ಏನನ್ನೋ ಹಿಡಿಯಿತು. ಹಿಡಿದದ್ದನ್ನು ಕೆಳಕ್ಕೆ ಎಳೆದ.

ಕೂಗು ಬಂತು. ಮನುಷ್ಯನ ಗಂಟಲಿನಿಂದ ಬರುವ ಸದ್ದಲ್ಲ ಅದು. ಒಂದೇ ಸಮನೆ, ಎಲ್ಲಿಯೂ ಕತ್ತರಿಸದೆ, ಎದುರಿನ ಫ್ಲಾಟುಗಳ ಬಿಳಿ ಬಟ್ಟೆಗಳ ತನಕ ಹೋಗಿ ಬಡಿಯಿತು. ಕಡೆಯಲ್ಲಿ ಸ್ವಲ್ಪ ಮೇಲೆದ್ದು ನಿಂತಿತು. ಎದುರುಗಡೆ ಎರಡು ಕಿಟಕಿ ತೆರೆದವು. ಕಟ್ಟಡದವರ ವಾಟ್ಸ್ಯಾಪ್ ಗುಂಪಿನಲ್ಲಿ, ಯಾರಪ್ಪ ಅದು, ಮಕ್ಕಳಿಗೆ ಆನ್‌ಲೈನ್ ಪರೀಕ್ಷೆ ನಡೆಯುತ್ತಿದೆ ಎಂದು ಯಾರೋ ಬರೆದರು.

ಫೋನಿನ ಆ ಕಡೆಯಿಂದ ಕಾಂತಮ್ಮ ಅಂದಳು:

"ಹಾಳಾಗೋದೋರು. ಇವತ್ತೂವೆ ಡಬಲ್ ಹಾಕುದ್ರಾ?"

"ಊಂ ಕಣಮ್ಮಿ," ಎಂದ ಚಾಮಯ್ಯ. "ಏನ್ ಮಾಡಾದು. ಡಬ್ಬಿ ಕಾಯ್ತಾವಂತೆ."

"ಆ ಫೋರ್‌ಮನ್ನಿಗೆ ಹೆಂಡ್ರು ಮಕ್ಳು ಇಲ್ವಾ? ಒಂದಪ ಮಾತಾಡ್ಬಾರ್ದಾ ನೀವು?"

"ಮಾತಾಡ್ತೀನಿ. ನೀನು ಉಂಡು ಮನಿಕ್ಕೋ."

"ನೀವೇನ್ ಉಂಡೀರಿ?"

"ಬುತ್ತಿ ತಂದಿವ್ನಿ. ಉಪ್ಪಿನ್ಕಾಯ್ ಅದೆ."

"ವಸಿ ನೀರ್ ಜಾಸ್ತಿ ಕುಡೀರಿ. ಬೆಂಕಿ ಮುಂದೆ."

ಅಷ್ಟೇ. ಲಕ್ಷ್ಮಿ ಫೋನನ್ನು ಮೇಜಿನ ಮೇಲೆ ಒರಗಿಸಿಟ್ಟು ಗಂಜಿ ತಿನ್ನಿಸಿದಳು. ಕಾಂತಮ್ಮ ಸಣ್ಣ ಬಟ್ಟಲಿನಷ್ಟನ್ನೂ ತಿಂದಳು. ಮುಖವಾಡ ಹಾಕಿಸಿಕೊಂಡಳು. ಇಬ್ಬರು ಸೇರಿ ಆಕೆಯನ್ನು ಬೋರಲಾಗಿ ಮಲಗಿಸಿದಾಗ ಮಗುವಿನ ಹಾಗೆ ಕೆನ್ನೆಯನ್ನು ದಿಂಬಿಗೆ ಒತ್ತಿಕೊಂಡಳು. ಇಲ್ಲಿ ಅನಿತಾ ಅಪ್ಪನ ಕೊರಳಿಗೆ ಜೋತುಬಿದ್ದು ಅತ್ತಳು. ಪ್ರಶಾಂತ, "ಮಾವ, ನೀವೂ ಏನಾದ್ರೂ ತಿನ್ನಿ, ಮಾಮಕ್ ಹೋಟೆಲ್‌ನಿಂದ ಪಾರ್ಸಲ್ ತರಿಸ್ತೀನಿ," ಎಂದು ಫೋನು ಎತ್ತಿಕೊಂಡ. ಬಾಗಿಲಾಚೆ ಇಟ್ಟುಹೋದ ರೊಟ್ಟಿ, ದಾಲ್ ಎಲ್ಲರೂ ತಿಂದರು. ಬಹಳ ದಿನಗಳ ಮೇಲೆ ಎಲ್ಲರೂ ಒಟ್ಟಿಗೆ ಕೂತು ತಿಂದದ್ದು ಅದು.

ಮಾರನೆಯ ದಿನ ಬೆಳಗಾಗುವ ಹೊತ್ತಿಗೆ ಕಾಂತಮ್ಮನ ಉಸಿರು ಇಳಿಯುತ್ತ ಬಂತು. ಯಂತ್ರ ಖಾಲಿಯಾಗುವುದಕ್ಕೆ ಇನ್ನೂ ಯಾರೋ ಒಬ್ಬರು ಬದುಕಬೇಕಿತ್ತು ಇಲ್ಲವೇ ಸಾಯಬೇಕಿತ್ತು. ಅಷ್ಟರಲ್ಲಿ ಕಾಂತಮ್ಮ ಹೋಗಿಬಿಟ್ಟಳು.

ಪಟ್ಟಿ ಕಟ್ಟಿದ ನಾಲ್ವರಲ್ಲಿ ಯಾರನ್ನೂ ಸ್ಮಶಾನಕ್ಕೆ ಬಿಡಲಿಲ್ಲ. ಶವ ಸಾಗಿಸುವವನು ಫೋನಿನಲ್ಲಿ ತೋರಿಸಿದ. ಮೂರು ಸುತ್ತು ಪ್ಲಾಸ್ಟಿಕ್ಕಿನೊಳಗೆ ಸುತ್ತಿದ್ದು ಯಾರನ್ನು ಎಂದು ಅವನು ಹೇಳಿದರೆ ನಂಬಬೇಕು, ಅಷ್ಟೆ. ಕಬ್ಬಿಣದ ಬಾಗಿಲು ತೆರೆಯಿತು. ಒಳಗಿನ ಬೆಂಕಿ ಬೆಳ್ಳಗಿತ್ತು. ಜೀವಮಾನವಿಡೀ ಬೆಂಕಿಯ ಬಾಯಿಗೆ ತುತ್ತು ಹಾಕಿದ ಚಾಮಯ್ಯ ಪರದೆಯಿಂದ ಮುಖ ತಿರುಗಿಸಿದ.

"ನಾನು ಡಬಲ್ ಹಾಕು ಅನ್ಬಾರ್ದಿತ್ತು," ಎಂದು ಅನಿತಾ ಗೋಡೆಗೆ ತಲೆ ಕೊಟ್ಟು ಅಳುತ್ತಿದ್ದಳು. "ಕಾಯ್ತಾ ಇದ್ದಿದ್ರೆ ಇರ್ತಿದ್ಲೇನೋ. ಅಪ್ಪ, ಕಾಯ್ತಾ ಇದ್ದಿದ್ರೆ ಇರ್ತಿದ್ಲು."

ಯಾರಿಗೆ ಗೊತ್ತು? ಉತ್ತರ ಹೇಳಬೇಕಾದವರು ಆ ಕೋಣೆಯಲ್ಲಿ ಇರಲಿಲ್ಲ. ಅವರು ಯಾವ ಕೋಣೆಯಲ್ಲೂ ಯಾವತ್ತೂ ಕೈಗೆ ಸಿಗುವವರಲ್ಲ.

ಪಾಳಿ ಮುಗಿಸಿದ ಲಕ್ಷ್ಮಿ ತನ್ನ ಸ್ವಂತ ಫೋನಿನಿಂದ ಮಾತನಾಡಿದಳು. ಪ್ಲಾಸ್ಟಿಕ್ ಕನ್ನಡಕ ತೆಗೆದಿದ್ದಳು. ಕೆನ್ನೆಯ ಮೇಲೆ ಅದರ ಅಂಚು ಕೊರೆದ ಗುರುತು ಕೆಂಪಗಿತ್ತು.

"ಎದ್ದಾಗ ನನ್ನ ಕೇಳುದ್ಲಾ ತಾಯಿ?" ಎಂದು ಚಾಮಯ್ಯ ಅವಳದೇ ತಮಿಳಿನಲ್ಲಿ ಕೇಳಿದ.

"ಇಲ್ಲ ಅಪ್ಪಾ. ಅಮ್ಮಾ ಏಳಲೇ ಇಲ್ಲ. ಗಂಜಿ ತಿಂದು ಮಲಗಿದ ಮೇಲೆ ಒಂದು ಸಲವೂ ಕಣ್ಣು ಬಿಡಲಿಲ್ಲ. ತುಂಬಾ ಚೆನ್ನಾಗಿ ನಿದ್ದೆ ಮಾಡಿದರು."

ಚಾಮಯ್ಯ ಆ ಹುಡುಗಿಯ ಮುಖವನ್ನೇ ನೋಡಿದ.

"ನಿದ್ದೆ ಮಾಡುದ್ಲಾ?"

"ಹೌದು ಅಪ್ಪಾ."

"ಅಲ್ಲೀಗಂಟ ಯಾವತ್ತೂ ಮಾಡಿರ್ನಿಲ್ಲ ಕಣವ್ವ ಅವ್ಳು," ಎಂದ. ತಮಿಳು ಬಿಟ್ಟುಹೋಗಿ ಕನ್ನಡ ಬಂದಿತ್ತು. ಲಕ್ಷ್ಮಿಗೆ ಅರ್ಥವಾಗುತ್ತದೋ ಇಲ್ಲವೋ ಅವನಿಗೆ ಲಕ್ಷ್ಯವಿರಲಿಲ್ಲ. "ನಾನು ಡಬಲ್ ಹಾಕ್ದಾಗೆಲ್ಲಾ ಉಣ್ತಿದ್ಲು. ಆಣೆ ಇತ್ತಲ್ಲ, ಉಣ್ತಿದ್ಲು. ಮನಿಕ್ಕೊತಿರ್ನಿಲ್ಲ. ಎರಡ್ನೇ ಪಾಳೀಲಿ ಎಷ್ಟ್ ಸಲ ಸಾಲಿನ ಮುಂದೆ ಹೋದ್ರೂವೆ ನಮ್ಮನೆ ದೀಪ ಉರೀತಿತ್ತು. ಬೆಳಗ್ಗೆ ಬಂದು ನಿದ್ದೆ ಮಾಡ್ದಾ ಅಂದ್ರೆ, ಊಂ ಅಂತಿದ್ಲು. ಕಣ್ಣು ಕೆಂಪಗಿರವು. ನಾನೂ ಸುಮ್ನಾಗ್ತಿದ್ದೆ."

ಅವನು ಫೋನನ್ನು ಮಗಳ ಕೈಗೆ ಕೊಟ್ಟ. ಮಣಿಕಟ್ಟಿನ ಪಟ್ಟಿಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡು ಕೂತ.

"ನನ್ನ ಮಾತ ಕೇಳಿ ಮನಿಕ್ಕಂಡಿದ್ದು," ಎಂದ, "ಇದೊಂದೇ ಸಲ."